ಐದನೆಯ ಮೆಟ್ಟಿಲು

ಏಣಿ ಫೋಟೋ ಕೋಣೆಯೊಳಗೆ ಹಿಡಿಸಲಿಲ್ಲ. ಅಲ್ಲಿನ ಬಿಳಿ ಕಾಗದದ ಹಿನ್ನೆಲೆ ಟೀ ಕಪ್ಪಿಗೆ, ಗೊಂಬೆಗೆ, ಕೈಗಡಿಯಾರಕ್ಕೆ, ಹೆಚ್ಚೆಂದರೆ ಒಂದು ಸೂಟ್‌ಕೇಸಿಗೆ ಸಾಕಾಗುವಷ್ಟಿತ್ತು. ಹಾಗಾಗಿ ಫೋಟೋ ತೆಗೆಯುವ ಅವಳೂ ಪ್ಯಾಕಿಂಗ್ ಕೆಲಸದ ಟೇಪಣ್ಣನೂ ಸೇರಿ ಅದನ್ನು ಹಿಂಬಾಗಿಲಾಚೆ ಲಾರಿ ನಿಲ್ಲುವ ಅಂಗಳಕ್ಕೆ ಹೊತ್ತು ತಂದರು. ಗೋಡೆಗೊಂದು ಬಿಳಿ ಬೆಡ್‌ಶೀಟ್ ಇಳಿಬಿಟ್ಟು, ಅದರ ಮುಂದೆ ಏಣಿಯ ಎರಡೂ ಕಾಲು ಅಗಲಿಸಿ ನಿಲ್ಲಿಸಿದರು. ಒಂಬತ್ತು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿ. ಯಾರೋ ಮನೆ ಖಾಲಿ ಮಾಡುವಾಗ ಸಂಸ್ಥೆಗೆ ಕೊಟ್ಟುಹೋಗಿದ್ದರು.

"ನಾನೂ ಹತ್ತಿ ನಿಂತ್ಕೋತೀನಿ, ಒಂದು ತೆಗೀರಿ ಫೋಟೋ ಅಕ್ಕ. ಏಣಿ ಜೊತೆ ನಾನೂ ಮಾರಾಟ ಆಗ್ಹೋಗ್ಲಿ," ಎಂದ ಟೇಪಣ್ಣ. ಅವನ ಎಡ ಮುಂಗೈಯಲ್ಲಿ ಸದಾ ಬಳೆಯಂತೆ ಅಂಟುಟೇಪಿನ ಸುರುಳಿ ಇರುತ್ತಿದ್ದುದರಿಂದ ಆ ಹೆಸರು. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನಾದರೂ ಅವನಿಗೂ ಅವಳು ಅಕ್ಕನೇ.

ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಐದನೆಯದರ ಮೇಲೆ ಕಾಲಿಟ್ಟಾಗ 'ಟಿಕ್' ಎಂದಿತು. ಸಣ್ಣ ಸದ್ದು, ಪೆನ್ನಿನ ಮುಚ್ಚಳ ಹಾಕಿದಷ್ಟು. ಇಬ್ಬರಿಗೂ ಕೇಳಿಸಿತು.

"ಕೀಲು ನೋವು ಪಾಪ, ವಯಸ್ಸಾಯ್ತಲ್ಲ," ಎನ್ನುತ್ತಾ ಅವನು ಇಳಿದು ಒಳಗೆ ಹೋದ.

ಅವಳು ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ತೆಗೆದಳು. ಆಮೇಲೆ ಹತ್ತಿರ ಹೋಗಿ ಒಂದೊಂದೇ ಮೆಟ್ಟಿಲು. ಐದನೆಯ ಮೆಟ್ಟಿಲು ಏಣಿಯ ಎಡಗಾಲಿಗೆ ಸೇರುವಲ್ಲಿ, ಎರಡನ್ನೂ ಬಿಗಿದ ರಿವೆಟ್ ಮೊಳೆಯ ಪಕ್ಕ, ಒಂದು ಕಪ್ಪು ಗೆರೆ ಕಂಡಿತು. ಕೂದಲೆಳೆಯಷ್ಟು, ಅರ್ಧ ಬೆರಳುದ್ದ. ಉಗುರಿನಿಂದ ಅದರ ಮೇಲೆ ಅಡ್ಡಲಾಗಿ ಎಳೆದು ನೋಡಿದಳು. ಉಗುರು ಒಂದು ಕಡೆ ಸಿಕ್ಕಿಕೊಂಡಂತಾಯಿತು. ಮತ್ತೆ ಎಳೆದು ನೋಡಲಿಲ್ಲ.

ಎಂಟು ತಿಂಗಳ ಹಿಂದೆ ಅವಳು ಇಲ್ಲಿ ಸೇರಿಕೊಂಡಾಗ ಹೇಳಿಕೊಟ್ಟ ಮೊದಲ ಪಾಠವೇ ದೋಷದ ಫೋಟೋ. ಕಿವಿ ಕೇಳದ ಮಕ್ಕಳ ಶಾಲೆಯೊಂದನ್ನು ನಡೆಸುವ ಸಂಸ್ಥೆ ಅದು. ಜನ ಬೇಡವೆಂದು ಕೊಟ್ಟ ಸಾಮಾನುಗಳನ್ನು ಆನ್‌ಲೈನ್ ಅಂಗಡಿಯಲ್ಲಿ ಮಾರಿ ಶಾಲೆಯ ಖರ್ಚು ತೂಗಿಸುತ್ತಿತ್ತು. ಹಳೆಯ ಸಾಮಾನು ಕೊಳ್ಳುವವರಿಗೆ ಮುಟ್ಟಿ ನೋಡುವ ಅವಕಾಶವಿಲ್ಲ. ಆದ್ದರಿಂದ ಪ್ರತಿ ಸಾಮಾನಿನ ಕೊನೆಯ ಫೋಟೋ ಅದರ ಕುಂದಿನದ್ದೇ ಆಗಬೇಕು. ಬಿರುಕು, ತುಕ್ಕು, ಕಲೆ, ಏನಿದೆಯೋ ಅದರ ಪಕ್ಕ ಅಳತೆಗೊಂದು ಬೆಂಕಿಕಡ್ಡಿ ಇಟ್ಟು ತೆಗೆಯಬೇಕು. ಅವಳಿಗೆ ಆಗ ನಗು ಬಂದಿತ್ತು. ಇಪ್ಪತ್ತು ವರ್ಷ ಅಪ್ಪನ ಸ್ಟುಡಿಯೋದಲ್ಲಿ ಕೂತು ಅವಳು ಮಾಡಿದ್ದು ಇದರ ತದ್ವಿರುದ್ಧದ ಕೆಲಸ. ಮದುಮಗಳ ಮೊಡವೆ, ಮದುಮಗನ ಕಣ್ಣಡಿಯ ಕಪ್ಪು, ಸತ್ತವರ ಫೋಟೋದಲ್ಲಿ ಅವರ ಕಾಯಿಲೆ, ಇವನ್ನೆಲ್ಲ ಅಳಿಸುವ 'ಟಚಿಂಗ್'. ಮೊದಲು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ, ಆಮೇಲೆ ಕಂಪ್ಯೂಟರಿನಲ್ಲಿ. "ಟಚಿಂಗ್ ಅಂದ್ರೆ ಸುಳ್ಳಲ್ಲ ಕಣಮ್ಮ," ಎನ್ನುತ್ತಿದ್ದರು ಅಪ್ಪ. "ಆ ಮೊಡವೆ ಇನ್ನೊಂದು ವಾರಕ್ಕೆ ತಾನಾಗೇ ಹೋಗುತ್ತೆ. ನಾವು ಒಂದು ವಾರ ಮುಂಚೆ ಕಳಿಸಿಕೊಟ್ವಿ, ಅಷ್ಟೇ." ಎಲ್ಲರ ಕೈಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅಪ್ಪನ ಕೈ ನಡುಗಲು ಶುರುವಾಯಿತು.

ಒಂದು ದಿನ, ಸುಮ್ಮನೆ, ಮಾರಾಟವಾಗದೆ ಕೂತಿದ್ದ ಕೆಟಲಿನ ಫೋಟೋದಲ್ಲಿ ಒಂದು ಕಂದು ಕಲೆ ತೆಗೆದುಬಿಟ್ಟಳು. ಮಾರನೆಯ ದಿನವೇ ಕೆಟಲ್ ಹೋಯಿತು. ಇನ್‌ಚಾರ್ಜ್ ಮೇಡಂ ಅವಳ ಕುರ್ಚಿಯ ಹಿಂದೆ ಬಂದು ನಿಂತು, ಮೊದಲಿನ ಫೋಟೋವನ್ನೂ ಆಮೇಲಿನದನ್ನೂ ಮತ್ತೆ ಮತ್ತೆ ನೋಡಿ, "ಅಬ್ಬಾ, ನಿಮ್ಮ ಕೈಯಲ್ಲಿ ಏನಿದೆ ಅಕ್ಕ!" ಎಂದರು. ಸ್ಟುಡಿಯೋ ಮುಚ್ಚಿದ ಮೇಲೆ ಅವಳ ಕೈಯನ್ನು ಯಾರೂ ಹೊಗಳಿರಲಿಲ್ಲ. ಆ ಇಡೀ ದಿನ ಅವಳು ಒಂಥರಾ ಹಗುರಾಗಿ ಓಡಾಡಿದ್ದಳು. ಆಮೇಲೆ ಕುಂದಿನ ಫೋಟೋಗಳು ಕಡಿಮೆಯಾದವು. "ತೀರಾ ದೊಡ್ಡದಿದ್ರೆ ಮಾತ್ರ ಹಾಕೋಣ. ಇಲ್ದಿದ್ರೆ ಜನ ಅದನ್ನೇ ನೋಡ್ತಾ ಕೂರ್ತಾರೆ," ಎಂದರು ಮೇಡಂ. ಬೆಂಕಿಪೊಟ್ಟಣ ಮೇಜಿನ ಡ್ರಾಯರ್ ಸೇರಿತು.

ಏಣಿಯ ಗೆರೆಯನ್ನು ಅಳಿಸಲು ಅವಳಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ರಿವೆಟ್ಟಿನ ಹೊಳಪನ್ನೇ ಸ್ವಲ್ಪ ಈಚೆಗೆ ಹರಡಿದಳು. ಏಣಿ ಎರಡೇ ದಿನದಲ್ಲಿ ಮಾರಾಟವಾಯಿತು. "ಇದನ್ನ ಪ್ಯಾಕ್ ಮಾಡೋದು ಅಂದ್ರೆ ಒಂಟೆಗೆ ಅಂಗಿ ತೊಡಿಸಿದ ಹಾಗೆ," ಎಂದು ಬೈದುಕೊಳ್ಳುತ್ತಾ ಟೇಪಣ್ಣ ಅದಕ್ಕೆ ರಟ್ಟು ಸುತ್ತಿ ಕಳಿಸಿದ.

ಮೂರು ವಾರ ಕಳೆಯಿತು.

ಒಂದು ಬೆಳಿಗ್ಗೆ ಅವಳು ಒಳಗೆ ಬರುವಾಗ ಇನ್‌ಚಾರ್ಜ್ ಮೇಡಂ ನೋಟೀಸ್ ಬೋರ್ಡಿಗೆ ಒಂದು ಹಾಳೆ ಚುಚ್ಚುತ್ತಿದ್ದರು. ಗ್ರಾಹಕರೊಬ್ಬರು ಬರೆದ ಅಭಿಪ್ರಾಯವನ್ನು ಪ್ರಿಂಟ್ ತೆಗೆಸಿದ್ದರು. 'ನಮ್ಮನೆಯವರಿಗೆ ತುಂಬಾ ಇಷ್ಟ ಆಯ್ತು. ಫೋಟೋದಲ್ಲಿ ಹೇಗಿತ್ತೋ ಹಾಗೇ ಇದೆ. ಥ್ಯಾಂಕ್ಸ್.' ಕೆಳಗೊಂದು ಚಿತ್ರ. ಅರ್ಧ ಸುಣ್ಣದ, ಅರ್ಧ ಹಸಿರು ಬಣ್ಣದ ಗೋಡೆಯ ಮುಂದೆ ಏಣಿ, ಅದರ ತುದಿಯಲ್ಲಿ ತಲೆಗೆ ಟವೆಲ್ ಕಟ್ಟಿಕೊಂಡು ರೋಲರ್ ಹಿಡಿದ ಒಬ್ಬ ಮನುಷ್ಯ. ಪೇಂಟರ್. ಕ್ಯಾಮೆರಾ ನೋಡಿ ನಗುತ್ತಿದ್ದ.

"ನೋಡಿ, ನಿಮ್ಮ ಫೋಟೋಗೇ ಥ್ಯಾಂಕ್ಸ್ ಹೇಳಿದಾರೆ," ಎಂದರು ಮೇಡಂ.

ಅವಳು ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದು ದೊಡ್ಡದು ಮಾಡಿದಳು. ಐದನೆಯ ಮೆಟ್ಟಿಲು, ಎಡಗಾಲು, ರಿವೆಟ್. ಅಲ್ಲಿ ಗೆರೆ ಇತ್ತು. ಗೀರು ಎಷ್ಟೇ ಆಳವಿದ್ದರೂ ತನ್ನ ಜಾಗದಲ್ಲೇ ಇರುತ್ತದೆ, ಬೆಳೆಯುವುದು ಬಿರುಕು. ಇದು ರಿವೆಟ್ಟಿನಿಂದ ಹೊರಟು ಕಾಲಿನ ಪಟ್ಟಿಯ ಅಂಚಿನ ತನಕ ಬಂದಂತಿತ್ತು. ಅಥವಾ ಅದು ನೆರಳೋ? ಅವಳು ತನ್ನ ಮೂಲ ಫೋಟೋ ತೆಗೆದು ಪಕ್ಕದಲ್ಲಿಟ್ಟುಕೊಂಡಳು, ಟಚಿಂಗ್ ಮಾಡುವ ಮುಂಚಿನದು. ಅರ್ಧ ಬೆರಳು. ಈಗ ಒಂದು ಬೆರಳು, ಇನ್ನೂ ಸ್ವಲ್ಪ ಹೆಚ್ಚೇ.

ಎರಡನ್ನೂ ಮೊಬೈಲಿಗೆ ಹಾಕಿಕೊಂಡಳು. ಆ ಸಂಜೆ ಮನೆಯಲ್ಲಿ ಅಪ್ಪನಿಗೆ ಕಾಫಿ ಕೊಟ್ಟು, ಎರಡೂ ಫೋಟೋ ತೆರೆದು ಫೋನು ಮುಂದೆ ಹಿಡಿದಳು. ಅಪ್ಪ ದಿಂಬಿನ ಕೆಳಗಿನಿಂದ ತಮ್ಮ ಭೂತಗನ್ನಡಿ ತೆಗೆದರು. ಕೈ ನಡುಗುತ್ತಿತ್ತು, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ಟಚ್ ಮಾಡಿದ್ಯಾ?"

"ಗೀರು ಅಂದ್ಕೊಂಡೆ ಅಪ್ಪ."

"ಉಗುರು ಹಾಕಿ ನೋಡಿದ್ಯಾ?"

ಅವಳು ಫೋನು ಹಿಂದಕ್ಕೆ ತೆಗೆದುಕೊಂಡಳು. ಅಪ್ಪ ಭೂತಗನ್ನಡಿಯನ್ನು ದಿಂಬಿನಡಿ ಇಡಲು ಹೋದರು. ಅದು ಜಾರಿ ಹಾಸಿಗೆಯ ಮೇಲೆ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಮನುಷ್ಯರ ಮುಖ ಬಿಟ್ಟು ನಾನು ಬೇರೆ ಯಾವುದನ್ನೂ ಮುಟ್ಟಿದವನಲ್ಲ," ಎಂದರು ಅಪ್ಪ. ಆಮೇಲೆ ಕಾಫಿ ಆರಿದೆ ಎಂದರು. ಅವಳು ಬಿಸಿ ಮಾಡಿ ತಂದಾಗ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಮಾರನೆಯ ಬೆಳಿಗ್ಗೆ ಇನ್‌ಚಾರ್ಜ್ ಮೇಡಂ ತಮ್ಮ ಕೋಣೆಯ ಬೀಗ ತೆಗೆಯುವ ಮೊದಲೇ ಅವಳು ಬಾಗಿಲಲ್ಲಿ ನಿಂತಿದ್ದಳು. ಮೇಡಂ ಕೆಟ್ಟವರಲ್ಲ. ಅವರ ಮೇಜಿನ ಗಾಜಿನಡಿ ಶಾಲೆಯ ಮಕ್ಕಳ ಚಿತ್ರಗಳಿದ್ದವು. ಪ್ರತಿ ಮಗುವಿನ ಹೆಸರೂ ಅವರಿಗೆ ಗೊತ್ತಿತ್ತು. ಅವಳು ಹೇಳಿದ್ದನ್ನೆಲ್ಲ ಅವರು ನಿಂತುಕೊಂಡೇ ಕೇಳಿದರು. ಎರಡೂ ಫೋಟೋ ನೋಡಿದರು.

"ಇದು ನೆರಳೂ ಇರಬಹುದಲ್ವಾ?"

"ಇರಬಹುದು. ಆದ್ರೆ ಅಲ್ಲ ಅನ್ಸುತ್ತೆ ಮೇಡಂ. ಅವರಿಗೊಂದು ಮಾತು ತಿಳಿಸಿಬಿಡೋಣ. ಹತ್ತಬೇಡಿ ಅಂತ."

"ಏನಂತ ತಿಳಿಸೋದು? ನಾವೇ ಬಿರುಕು ಮುಚ್ಚಿ ಕಳಿಸಿದ್ವಿ ಅಂತ ಬರೆಯೋದಾ?" ಮೇಡಂ ಧ್ವನಿ ಏರಿಸಲಿಲ್ಲ, ಅವರಿಗೆ ಹೆದರಿಕೆಯಾದಾಗ ಧ್ವನಿ ಇಳಿಯುತ್ತಿತ್ತು. "ಮುಂದಿನ ವಾರ ಕಮಿಟಿ ಸೇರುತ್ತೆ. ಅಲ್ಲಿ ಕೇಳ್ತೀನಿ. ಅಲ್ಲೀವರೆಗೂ ಯಾರ ಹತ್ರನೂ ಬೇಡ. ಏನೂ ಆಗಲ್ಲ ಅಕ್ಕ, ಮೂರು ವಾರದಿಂದ ಹತ್ತಿ ಇಳೀತಾನೇ ಇದಾರಲ್ಲ."

ಅವಳು ತಿರುಗಿ ಹೊರಟಾಗ ಮೇಡಂ ಕರೆದರು. "ಆ ಮೊದಲನೇ ಫೋಟೋ... ಅಳಿಸೋಕ್ ಮುಂಚಿನದು. ಅದು ಇನ್ನೂ ಕಂಪ್ಯೂಟರಲ್ಲಿದೆಯಾ?"

"ಇದೆ."

"ಅದನ್ನ ಇಟ್ಕೊಂಡು ಏನು ಮಾಡೋದು. ತೆಗೆದುಬಿಡಿ."

ಫೋಟೋ ಕೋಣೆಯಲ್ಲಿ ಅಂದಿನ ಸಾಮಾನು ಸಾಲಾಗಿ ಕಾಯುತ್ತಿತ್ತು: ಇಸ್ತ್ರಿ ಪೆಟ್ಟಿಗೆ, ಮಗುವಿಗೆ ಊಟ ಮಾಡಿಸುವ ಎತ್ತರದ ಕುರ್ಚಿ, ಒಂದು ರೂಮ್ ಹೀಟರ್. ಹಿಂದೆಲ್ಲ ಅವಳಿಗೆ ಅವು ಬರೀ ಸಾಮಾನುಗಳಾಗಿದ್ದವು. ಇವತ್ತು ಕುರ್ಚಿಯ ಕಾಲು, ಹೀಟರಿನ ವೈರು, ಪ್ಲಗ್ಗಿನ ಕಡ್ಡಿ ಒಂದೊಂದೂ ಏನನ್ನೋ ಮುಚ್ಚಿಟ್ಟುಕೊಂಡು ಅವಳನ್ನೇ ನೋಡುತ್ತಿರುವಂತೆ ಕಂಡವು. ಎಂಟು ತಿಂಗಳಲ್ಲಿ ಎಷ್ಟು ಕಳಿಸಿದ್ದೇನೆ? ಲೆಕ್ಕ ಹಾಕಲು ಹೋಗಿ ಬಿಟ್ಟಳು. ಕ್ಯಾಮೆರಾದ ಮುಚ್ಚಳವನ್ನೂ ತೆಗೆಯದೆ ಟೇಪಣ್ಣನ ಹತ್ತಿರ ಬಂದಳು.

"ಏಣಿ ಹೋದ ವಿಳಾಸ ಬೇಕು."

ಟೇಪಣ್ಣ ಅವಳ ಮುಖ ನೋಡಿದ. ತಮಾಷೆಗೆಂದು ತೆರೆದ ಬಾಯಿ ಹಾಗೇ ಮುಚ್ಚಿತು. ಪಾರ್ಸಲ್ ಚೀಟಿಗಳ ಕಟ್ಟನ್ನು ಹುಡುಕಿ ಒಂದನ್ನು ಹರಿದು ಕೊಟ್ಟ.

"ಅವತ್ತಿನ ಸದ್ದಾ?" ಎಂದ.

ಅವಳು ತಲೆಯಾಡಿಸಿದಳು.

"ನಾನೂ ಹೇಳಬೇಕು ಅಂದ್ಕೊಂಡೆ ಅಕ್ಕ. ಆಮೇಲೆ ಸುಮ್ಮನಾದೆ," ಎಂದು ಅವನು ಮುಂಗೈಯ ಟೇಪನ್ನು ತಿರುಗಿಸುತ್ತಾ ನಿಂತ.

ಚೀಟಿಯಲ್ಲಿ ಫೋನ್ ನಂಬರಿತ್ತು. ಬಸ್ಸಿನಲ್ಲಿ ಕೂತು ಅವಳು ಒತ್ತಿದಳು. "ಹಲೋ, ಯಾರು?" ಎಂದಿತು ಹೆಣ್ಣು ಧ್ವನಿ. ಇನ್ನೆರಡು ಸಲ 'ಹಲೋ' ಕೇಳಿಸಿದ ಮೇಲೆ ಕಟ್ ಮಾಡಿದಳು. ಬಸ್ಸು ಊರಿನ ಆ ತುದಿ ತಲುಪಲು ಒಂದು ಗಂಟೆ ಹಿಡಿಯಿತು. ಪ್ರತಿ ಹಳ್ಳಕ್ಕೂ ಕಿಟಕಿಯ ಗಾಜು ಕಟಕಟ ಎನ್ನುತ್ತಿತ್ತು.

ಬಾಗಿಲು ತೆಗೆದವಳು ನಲವತ್ತರ ಆಸುಪಾಸಿನ ಹೆಂಗಸು, ಪೇಂಟರನ ಹೆಂಡತಿ. ಅಂಗಡಿಯಿಂದ ಬಂದಿದ್ದೇನೆ, ಫೋಟೋ ತೆಗೆಯುವವಳು ಎಂದ ಕೂಡಲೇ ಆಕೆಯ ಮುಖ ಅರಳಿತು.

"ಅಯ್ಯೋ, ನೀವೇನಾ! ಬನ್ನಿ ಒಳಗೆ. ನಾನು ಬರೆದಿದ್ದು ಓದಿದ್ರಾ?"

ಒಂದೇ ಕೋಣೆ, ಅದಕ್ಕೊಂದು ಅಡುಗೆಯ ಮೂಲೆ. ಬೇರೆ ಬೇರೆ ಮನೆಗಳಲ್ಲಿ ಮಿಕ್ಕ ಬಣ್ಣಗಳನ್ನೆಲ್ಲ ತಂದು ಹೊಡೆದಿದ್ದರಿಂದ ನಾಲ್ಕು ಗೋಡೆಗೆ ನಾಲ್ಕು ಬಣ್ಣ. ಬಾಗಿಲ ಹಿಂದೆ ಒಂದು ಊರುಗೋಲು ಒರಗಿತ್ತು. ಅವಳ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ಹೆಂಡತಿ ಹೇಳಿದಳು:

"ನಮ್ಮನೆಯವರದ್ದೇ. ಹೋದ ವರ್ಷ ಹಳೇ ಏಣಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆರು ತಿಂಗಳು ಮಲಗಿದಲ್ಲೇ. ಮತ್ತೆ ಕೆಲಸಕ್ಕೆ ಹೋಗ್ತೀನಿ ಅಂದಾಗ ನಾನು ಹೇಳ್ದೆ, ಏಣಿ ನಾನು ಆರಿಸ್ತೀನಿ, ನೀವು ಬಾಯಿ ಹಾಕ್ಬೇಡಿ ಅಂತ. ಒಂದು ವಾರ ಕೂತು ನೋಡಿದೆ. ನಿಮ್ಮ ಫೋಟೋನ ದೊಡ್ಡದು ಮಾಡಿ ಮಾಡಿ, ಒಂದೊಂದೇ ಮೆಟ್ಟಿಲು. ಬೇರೆಯವರ ಫೋಟೋದಲ್ಲೆಲ್ಲ ಏನೋ ಒಂದು ಇರ್ತಿತ್ತು. ನಿಮ್ಮದ್ರಲ್ಲಿ ಒಂದು ಗೀರೂ ಇರ್ಲಿಲ್ಲ." ಆಕೆ ನೀರಿನ ಲೋಟ ಮುಂದಿಟ್ಟಳು. "ಕುಡೀರಿ. ಬಿಸಿಲಲ್ಲಿ ಬಂದಿದೀರ."

ಅವಳು ಲೋಟ ಎತ್ತಿಕೊಂಡು ಹಾಗೇ ಕೆಳಗಿಟ್ಟಳು. "ಅವರು ಎಲ್ಲಿದಾರೆ ಈಗ?"

"ಕೆಲಸದಲ್ಲಿ. ಯಾಕೆ?"

"ಏಣಿ ಒಂದ್ಸಲ ನೋಡಬೇಕಿತ್ತು. ನಮ್ಮಲ್ಲಿ... ಹಾಗೆ ನೋಡೋ ಪದ್ಧತಿ ಇದೆ."

ಹೆಂಡತಿಯ ನಗು ಮುಖದ ಮೇಲೆ ಇದ್ದಲ್ಲೇ ಇತ್ತು. ಕಣ್ಣು ಮಾತ್ರ ಬದಲಾಯಿತು. "ಫೋನ್ ಮಾಡಿದ್ರೆ ಎತ್ತಲ್ಲ ಅವರು, ಕೈ ಬಣ್ಣ ಆಗಿರುತ್ತೆ," ಎಂದು ನಿಧಾನವಾಗಿ ಹೇಳಿ, ಎಲ್ಲಿ ಎಂದು ದಾರಿ ತಿಳಿಸಿದಳು. ನಾಲ್ಕು ಬೀದಿ ಆಚೆ, ಹೊಸದಾಗಿ ತೆರೆಯಲಿರುವ ಫರ್ನಿಚರ್ ಅಂಗಡಿ. ಅವಳು ಗೇಟು ದಾಟುವಾಗಲೂ ಹೆಂಡತಿ ಬಾಗಿಲು ಹಿಡಿದು ನಿಂತೇ ಇದ್ದಳು.

ಅಂಗಡಿಯ ಮುಂಭಾಗಕ್ಕೆ ಇನ್ನೂ ಗಾಜು ಕೂರಿಸಿರಲಿಲ್ಲ. ಮಧ್ಯಾಹ್ನದ ಬಿಸಿಲು ಒಳಗಿನ ತನಕ ಬಿದ್ದಿತ್ತು. ಒಳಗೆ ಯಾರ ಮಾತೂ ಇಲ್ಲ. ಮೇಲಂತಸ್ತಿಗೆ ಹೋಗುವ ಮೆಟ್ಟಿಲುಗಳ ನಡುವೆ ಏಣಿ ನಿಂತಿತ್ತು. ನೆಲ ಸಮವಿಲ್ಲದ್ದರಿಂದ ಅದರ ಎರಡು ಕಾಲಿನಡಿ ಹಲಗೆ, ಹಲಗೆಯಡಿ ಎರಡು ಇಟ್ಟಿಗೆ. ಏಣಿಯ ಮೇಲೆ ಯಾರೂ ಇರಲಿಲ್ಲ. ಅವಳಿಗೆ ಏಣಿಯ ಬುಡ ನೋಡುವ ಧೈರ್ಯ ಸಾಲಲಿಲ್ಲ.

"ಯಾರು ಬೇಕಿತ್ತು?"

ಅವನು ಹಿಂದಿನ ಕೋಣೆಯಿಂದ ಬಕೆಟ್ಟಿನಲ್ಲಿ ಬಣ್ಣ ಕಲಸುತ್ತಾ ಬಂದ. ಸ್ವಲ್ಪ ಕುಂಟುತ್ತಿದ್ದ. ಫೋಟೋದಲ್ಲಿದ್ದ ಅದೇ ಟವೆಲ್.

ಅವಳು ಈ ಸಲ ತಡವರಿಸಲಿಲ್ಲ. ಯಾರು, ಎಲ್ಲಿಂದ ಬಂದೆ, ಏನು ಮಾಡಿದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ನಾನೇ ಅಳಿಸಿದ್ದು. ಬೇರೆ ಯಾರೂ ಅಲ್ಲ."

ಪೇಂಟರ್ ಬಕೆಟ್ ಕೆಳಗಿಟ್ಟ. ಕೋಲಿಗೆ ಅಂಟಿದ್ದ ಬಣ್ಣವನ್ನು ಅಂಚಿಗೆ ಒರೆಸಿದ. ಆಮೇಲೆ ಏಣಿಯ ಐದನೆಯ ಮೆಟ್ಟಿಲನ್ನು ತೋರಿಸಿದ. ಅದು ಎಡಗಾಲಿಗೆ ಸೇರುವಲ್ಲಿ, ಒಂದು ಗೇಣಿನಷ್ಟು ಜಾಗಕ್ಕೆ, ತಂತಿ ಸುತ್ತಿ ಅದರ ಮೇಲೆ ಕಪ್ಪು ಟೇಪನ್ನು ಬಿಗಿಯಾಗಿ ಸುತ್ತಲಾಗಿತ್ತು.

"ಮನೇಲಿ ಆ ಫೋಟೋ ತೆಗೆದ ಮಾರನೇ ದಿನಾನೇ ಕಾಣಿಸ್ತು," ಎಂದ. "ಹಿಡಿತಕ್ಕೆ ಇರ್ಲಿ ಅಂತ ಸುತ್ತಿದೀನಿ ಅಂತ ಮನೇಲಿ ಹೇಳಿದೀನಿ. ನನ್ನ ಹೆಂಡ್ತಿ ಸಿಕ್ಕಿದ್ಳಾ ನಿಮಗೆ?"

"ಹೂಂ."

"ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ. ಮದುವೆಗೆ ಗಂಡು ನೋಡುವಾಗಲೂ ಅಷ್ಟು ನೋಡಿರ್ಲಿಲ್ಲ ಅವಳು, ಈ ಏಣಿನ ನೋಡಿದಷ್ಟು." ಅವನು ನಕ್ಕ, ನಗು ಬೇಗ ಮುಗಿಯಿತು. "ಗೋಡೆ ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯೋನು ನಾನು. ನಿಮಗೇನು ಅನ್ನಲಿ? ಆದ್ರೆ ಗೋಡೆ ಮೇಲೆ ಯಾರೂ ನಿಲ್ಲಲ್ಲ ಅಕ್ಕ."

ಅವಳು ತಲೆ ತಗ್ಗಿಸಿದಳು. "ಇದನ್ನ ಇಲ್ಲೇ ಬಿಟ್ಬಿಡಿ. ನಾನು ಬೇರೆ ತಂದು ಕೊಡ್ತೀನಿ. ನಾಳೆ ಬೆಳಿಗ್ಗೇನೇ."

"ನಾಳೆ ಬೆಳಿಗ್ಗೆ ಗಾಜು ಕೂರಿಸೋರು ಬರ್ತಾರೆ, ಮಧ್ಯಾಹ್ನ ಸಾಮಾನು. ಆ ಮೂಲೆ ಇವತ್ತು ಮುಗೀಬೇಕು. ಬಿದ್ದು ಎದ್ದ ಮೇಲೆ ಸಿಕ್ಕಿರೋ ಮೊದಲನೇ ದೊಡ್ಡ ಕೆಲಸ ಇದು. ಇನ್ನೂ ಕೈಲಾಗುತ್ತೋ ಇಲ್ವೋ ನೋಡೋಣ ಅಂತ್ಲೇ ಕೊಟ್ಟಿದಾರೆ." ಅವನು ಮೇಲೆ ತೋರಿಸಿದ. ಛಾವಣಿ ಮತ್ತು ಗೋಡೆ ಸೇರುವಲ್ಲಿ ಚಾಪೆಯಗಲದ ಜಾಗ ಇನ್ನೂ ಬೂದಿ ಬಣ್ಣದಲ್ಲೇ ಇತ್ತು. "ಜೊತೆಯವನು ಊಟಕ್ಕೆ ಹೋದವನು ಇನ್ನೂ ಬಂದಿಲ್ಲ. ಅವನಿದ್ರೆ ಹಿಡ್ಕೋತಾನೆ."

"ಅವರು ಬರೋವರೆಗೆ ಕಾಯಿರಿ."

"ಬಕೆಟಲ್ಲಿರೋದು ಒಣಗುತ್ತೆ. ಅಲ್ಲೊಂದು ಬಣ್ಣ, ಇಲ್ಲೊಂದು ಬಣ್ಣ ಆಗುತ್ತೆ." ಅವನು ಆಗಲೇ ಬಕೆಟ್ಟಿನ ಕೊಕ್ಕೆಯನ್ನು ಸೊಂಟದ ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. "ಹಿಡ್ಕೋತೀರಾ?"

ಅವಳು ಚೀಲವನ್ನು ನೆಲಕ್ಕೆ ಹಾಕಿದಳು. ಎಡಗೈಯಿಂದ ಒಂದು ಕಾಲನ್ನೂ, ಬಲಗೈಯಿಂದ ಟೇಪು ಸುತ್ತಿದ ಜಾಗವನ್ನೂ ಹಿಡಿದಳು. ಅದು ಸರಿಯಾಗಿ ಅವಳ ಎದೆಯ ಮಟ್ಟಕ್ಕಿತ್ತು. ಅವನು ಹತ್ತತೊಡಗಿದ. ಬಲಗಾಲು ಮೊದಲು, ಆಮೇಲೆ ನೋವಿನ ಕಾಲನ್ನು ಎಳೆದು ಅದರ ಪಕ್ಕಕ್ಕೆ. ಐದನೆಯ ಮೆಟ್ಟಿಲಿಗೆ ಅವನ ಭಾರ ಬಿದ್ದಾಗ ಅವಳ ಅಂಗೈಯಡಿ ಟೇಪು ಬಿಗಿದುಕೊಂಡಿತು. ಒಳಗೆ ಏನೋ ಸ್ವಲ್ಪ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡದ್ದು ಚರ್ಮಕ್ಕೆ ಗೊತ್ತಾಯಿತು. ಅವನು ಆರಕ್ಕೆ ಹೋದ. ಏಳು. ಎಂಟು.

ಮೇಲೆ ರೋಲರಿನ ಒದ್ದೆ ಸದ್ದು ಶುರುವಾಯಿತು. ಒಂದು ಹನಿ ಅವಳ ಹಣೆಯ ಮೇಲೆ ಬಿತ್ತು, ಇನ್ನೊಂದು ರೆಪ್ಪೆಯ ಮೇಲೆ. ಮುಖ ಎತ್ತಿ ನೋಡುವಂತಿರಲಿಲ್ಲ. ಕೈ ಬಿಟ್ಟು ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಅವಳು ಎದುರಿನ ಗೋಡೆಯನ್ನೇ ನೋಡಿದಳು. ಹಸಿ ಬಣ್ಣದ ಆ ಬಿಳಿ ಗೋಡೆಯ ಮೇಲೆ ಬಿಸಿಲು ಎಲ್ಲರ ನೆರಳನ್ನೂ ಅಚ್ಚೊತ್ತಿದಂತೆ ಹಾಕಿತ್ತು: ಏಣಿಯ ಎರಡು ಕಾಲು, ಒಂಬತ್ತು ಮೆಟ್ಟಿಲು, ಬುಡದಲ್ಲಿ ಬಗ್ಗಿದ ಒಂದು ತಲೆ, ತುದಿಯಲ್ಲಿ ಒಬ್ಬ ಮನುಷ್ಯ.

"ಹಿಡ್ಕೊಂಡಿದೀರಾ?"

"ಹಿಡ್ಕೊಂಡಿದೀನಿ. ಇನ್ನೆಷ್ಟಿದೆ?"

"ಆಯ್ತು, ಇನ್ನೊಂದೇ ಒಂದು ಗೇಣು."

ನೆರಳಿನ ಕೈ ಮೂಲೆಯ ಕಡೆಗೆ ಚಾಚಿತು. ಸಾಲಲಿಲ್ಲ. ಇನ್ನೂ ಸ್ವಲ್ಪ ಚಾಚಿತು. ಹೆಗಲು ಬಾಗಿತು, ಸೊಂಟ ಬಾಗಿತು. ನೆರಳಿನಲ್ಲಿ ಅವನ ಒಂದು ಕಾಲು ಮೆಟ್ಟಿಲಿನಿಂದ ಮೆಲ್ಲಗೆ ಮೇಲೆದ್ದಿತು.